ಇನ್ನೂರು ಗಂಟೆಗಳ ಆಚೆ: ವಿಮಾನ ಹಾರಿಸುವ ಹೆಣ್ಣುಮಕ್ಕಳ ಬಳಗ ಮಾಡಬೇಕಾದ ಕೆಲಸ

(ಬೆಳಗಾವಿಯಲ್ಲಿ ಪದವಿ ವಿದ್ಯಾರ್ಥಿನಿಯರು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿಮಾನ ಹಾರಿಸುವ ಹೆಣ್ಣುಮಗಳೊಬ್ಬಳು ಊರಿಗೆ ಬಂದಳೆಂದರೆ ನಾವು ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಕಿತ್ತೂರು ಚನ್ನಮ್ಮ ಮತ್ತು ಬೆಳವಡಿ ಮಲ್ಲಮ್ಮರ ನಾಡಿನ ಮಗಳು ಎಂದು ಹೊಗಳುತ್ತೇವೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ನಾನೂ ಅಂಥ ಸಮಾರಂಭಗಳಲ್ಲಿ ಚಪ್ಪಾಳೆ ತಟ್ಟಿದವಳೇ. ಆದರೆ ಈ ಸನ್ಮಾನ ನಡೆಯುವುದು ಆಕೆಗೆ ಕೆಲಸ ಸಿಕ್ಕ ಮೇಲೆ ಎಂಬುದನ್ನು ಗಮನಿಸಿ. ಅದಕ್ಕೂ ಮೊದಲು, ಇನ್ನೂರು ಗಂಟೆಗಳ ಹಾರಾಟ ಮುಗಿಸಿ ಪಡೆದ ಲೈಸೆನ್ಸ್ ಕೈಯಲ್ಲಿದ್ದು ನೌಕರಿ ಇಲ್ಲದೆ, ಬ್ಯಾಂಕಿನ ಬಡ್ಡಿ ತಿಂಗಳು ತಿಂಗಳು ಏರುತ್ತ, ಮದುವೆ-ಮುಂಜಿವೆಗಳಲ್ಲಿ ಸಿಕ್ಕ ಸಂಬಂಧಿಕರು “ಇನ್ನೂ ಮನ್ಯಾಗ ಅದಾಳೇನು?” ಎಂದು ಕೇಳುತ್ತ ಕಳೆಯುವ ಒಂದೆರಡು ವರ್ಷಗಳಿರುತ್ತವೆ. ಆಗ ಅವಳ ಮನೆಗೆ ಶಾಲು ಹಿಡಿದುಕೊಂಡು ಯಾರೂ ಹೋಗುವುದಿಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ವರ್ಷಗಳ ಬಗ್ಗೆ, ಮತ್ತು ಆ ವರ್ಷಗಳಲ್ಲಿ ಜೊತೆಗಿರಲೆಂದೇ ನಮ್ಮ ಊರಿನಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಒಂದು ಸಣ್ಣ ಬಳಗದ ಬಗ್ಗೆ.

ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ. 15ರಷ್ಟು ಮಹಿಳೆಯರಿದ್ದಾರೆ, ಜಗತ್ತಿನ ಸರಾಸರಿ ಶೇ. 5ರ ಆಸುಪಾಸಿನಲ್ಲಿದೆ ಎಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಹೆಮ್ಮೆಯ ಸಂಗತಿಯೇ ಸರಿ. ಆದರೆ ಈ ಅಂಕಿ ಲೆಕ್ಕ ಹಾಕುವುದು ವೃತ್ತಿಯಲ್ಲಿ ಉಳಿದುಕೊಂಡವರನ್ನು. ತರಬೇತಿಗೆ ಸೇರಿ ಅರ್ಧಕ್ಕೆ ಬಿಟ್ಟವರು, ಲೈಸೆನ್ಸ್ ಪಡೆದೂ ಕಾಕ್‌ಪಿಟ್‌ಗೆ ಹೋಗದವರು, ಮಗುವಾದ ಮೇಲೆ ಹಿಂತಿರುಗದವರು ಅದರಲ್ಲಿ ಕಾಣಿಸುವುದಿಲ್ಲ. ಬಳಗದ ಕೆಲಸ ಇರುವುದು ಆ ಕಾಣದವರ ನಡುವೆ.

ಇಂಥ ಬಳಗದ ಕಲ್ಪನೆ ಹೊಸದಲ್ಲ. 1929ರ ಆಗಸ್ಟ್‌ನಲ್ಲಿ ಅಮೆರಿಕದ ಸಾಂಟಾ ಮೋನಿಕಾದಿಂದ ಕ್ಲೀವ್‌ಲ್ಯಾಂಡ್‌ವರೆಗೆ ಮಹಿಳೆಯರ ವಿಮಾನ ಸ್ಪರ್ಧೆ ನಡೆಯಿತು. ಲೂಯಿಸ್ ಥೇಡನ್ ಗೆದ್ದರು, ಮಾರ್ವೆಲ್ ಕ್ರಾಸನ್ ಎಂಬ ಸ್ಪರ್ಧಿ ದಾರಿಯಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ಅದೇ ವರ್ಷದ ನವೆಂಬರ್ 2ರಂದು ನ್ಯೂಯಾರ್ಕ್ ಬಳಿಯ ಕರ್ಟಿಸ್ ಫೀಲ್ಡ್‌ನ ಹ್ಯಾಂಗರ್ ಒಂದರಲ್ಲಿ 26 ಮಹಿಳಾ ಪೈಲಟ್‌ಗಳು ಸೇರಿದರು. ಹೊರಗೆ ಎಂಜಿನ್ ಒಂದರ ಗದ್ದಲ ನಡೆದೇ ಇತ್ತು, ಚಹಾದ ಸರಂಜಾಮು ಬಂದದ್ದು ಮೆಕ್ಯಾನಿಕ್‌ಗಳ ಸಲಕರಣೆ ಗಾಡಿಯ ಮೇಲೆ. ಆಗ ಆ ದೇಶದಲ್ಲಿ ಲೈಸೆನ್ಸ್ ಇದ್ದ ಮಹಿಳೆಯರು 117, ಸ್ಥಾಪಕ ಸದಸ್ಯರಾಗಲು ಒಪ್ಪಿದವರು 99. ಸಂಘಕ್ಕೆ ‘ನೈಂಟಿ ನೈನ್ಸ್’ ಎಂದೇ ಹೆಸರಾಯಿತು, 1931ರಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಅದರ ಮೊದಲ ಅಧ್ಯಕ್ಷೆಯಾದರು. ನನಗೆ ಇದರಲ್ಲಿ ಇಷ್ಟವಾಗುವ ಅಂಶವೆಂದರೆ, ಅವರು ಸೇರಿದ್ದು ದಾಖಲೆ ಮುರಿಯುವುದಕ್ಕಲ್ಲ. ಎಲ್ಲಿ ಕೆಲಸವಿದೆ, ಯಾರು ಏನು ಮಾಡುತ್ತಿದ್ದಾರೆ ಎಂಬ ಮಾಹಿತಿಯನ್ನು ಒಂದೆಡೆ ಇಟ್ಟುಕೊಂಡು ಪರಸ್ಪರ ಒದಗಿಸುವುದಕ್ಕೆ. ಇಂದಿಗೂ ಆ ಸಂಘದ ಶಾಖೆಗಳವರು ಬಿಡುವಿನ ದಿನಗಳಲ್ಲಿ ಸಣ್ಣ ವಿಮಾನ ನಿಲ್ದಾಣಗಳಿಗೆ ಹೋಗಿ, ವಿಮಾನದ ದಿಕ್ಸೂಚಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬೇಕಾಗುವ ದೊಡ್ಡ ದಿಕ್ಕಿನ ಚಕ್ರವನ್ನು ನೆಲದ ಮೇಲೆ ಬಣ್ಣದಲ್ಲಿ ಬರೆದು ಬರುತ್ತಾರೆ. ಭಾಷಣಕ್ಕಿಂತ ಇಂಥ ಕೆಲಸದ ಮೇಲೆ ನನಗೆ ಹೆಚ್ಚು ಗೌರವ.

ನಮ್ಮಲ್ಲಿ 1936ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಸರಳಾ ಠಕ್ರಾಲ್ ಲಾಹೋರಿನಲ್ಲಿ ಸೀರೆ ಉಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿ 1948ರಲ್ಲಿ ಶುರುವಾದ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಿಂದ ಮೊದಲು ತೇರ್ಗಡೆಯಾಗಿ ಹೊರಬಂದವರು ಉಷಾ ಸುಂದರಂ ಎಂಬುದನ್ನು ಕನ್ನಡಿಗರಾದ ನಾವೇ ಹೆಚ್ಚು ನೆನೆಯುವುದಿಲ್ಲ. ಪ್ರೇಮ್ ಮಾಥುರ್ ಅವರ ಕತೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1947ರಲ್ಲಿ ವಾಣಿಜ್ಯ ಲೈಸೆನ್ಸ್ ಪಡೆದ ಅವರನ್ನು ಹಲವು ಕಂಪನಿಗಳು ಹೆಣ್ಣೆಂಬ ಕಾರಣಕ್ಕೆ ಬೇಡವೆಂದವು. ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸಹ ಪೈಲಟ್ ಕೆಲಸ ಕೊಟ್ಟಿತು. ಬೇಕಾದಷ್ಟು ಗಂಟೆಗಳ ಹಾರಾಟ ಪೂರೈಸಿದ ಮೇಲೂ ಕಮಾಂಡ್, ಅಂದರೆ ವಿಮಾನದ ಮುಖ್ಯ ಹೊಣೆ, ಕೊಡಲಿಲ್ಲವೆಂದು ಅವರು ಅದನ್ನು ಬಿಟ್ಟರು. ಬಾಗಿಲು ತೆರೆಯಿತು, ಒಳಗೆ ಮುಂದಿನ ಕೋಣೆಗೆ ಬೀಗವಿತ್ತು. ಮಹಿಳೆಯರೇ ಇದ್ದ ಸಿಬ್ಬಂದಿಯೊಂದಿಗೆ ಸೌದಾಮಿನಿ ದೇಶಮುಖ್ ಕೋಲ್ಕತ್ತದಿಂದ ಸಿಲ್ಚರಿಗೆ ಫಾಕರ್ ವಿಮಾನ ಒಯ್ದದ್ದು 1985ರಲ್ಲಿ. ಅಂದರೆ ಮೊದಲ ನೌಕರಿಗೂ ಈ ಹಾರಾಟಕ್ಕೂ ನಡುವೆ ಮೂರೂವರೆ ದಶಕ ಹಿಡಿಯಿತು. ಈ ನಡುವೆ 1967ರಲ್ಲಿ ಭಾರತೀಯ ಮಹಿಳಾ ಪೈಲಟ್‌ಗಳ ಸಂಘ ಹುಟ್ಟಿತು.

ಇನ್ನು ನಮ್ಮ ಊರಿಗೆ ಬರೋಣ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದ ನೆಲಕ್ಕೆ ವಿಮಾನ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ. ವಾಯುಪಡೆಯ ತರಬೇತಿ ಶಾಲೆ ಅಲ್ಲಿರುವುದರಿಂದ ಸಮವಸ್ತ್ರದ ಹುಡುಗರನ್ನು ಬೆಳಗಾವಿ ಮೊದಲಿನಿಂದಲೂ ನೋಡಿದೆ. ನಾಗರಿಕ ಪೈಲಟ್ ತರಬೇತಿಯ ಗಾಳಿ ಬೀಸಿದ್ದು ಇತ್ತೀಚೆಗೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ದೇಶದಲ್ಲಿ ಆರಿಸಿಕೊಂಡ ಐದು ನಿಲ್ದಾಣಗಳಲ್ಲಿ ಎರಡು ನಮ್ಮ ಉತ್ತರ ಕರ್ನಾಟಕದವು: ಬೆಳಗಾವಿ ಮತ್ತು ಕಲಬುರಗಿ. ಅಂದಿನಿಂದ ಬಾಳೇಕುಂದ್ರಿ, ಸುಳೇಭಾವಿ ಕಡೆಯ ಹೊಲಗಳ ಮೇಲೆ ಸಣ್ಣ ವಿಮಾನದ ಸದ್ದು ದಿನನಿತ್ಯದ್ದಾಯಿತು.

ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,490 ಅಡಿ ಎತ್ತರದಲ್ಲಿದೆ. ಇದನ್ನೇಕೆ ಹೇಳುತ್ತೇನೆಂದರೆ, ಪೈಲಟ್ ಆಗುವುದೆಂದರೆ ಧೈರ್ಯದ ವಿಷಯವೆಂದು ನೀವು ಭಾವಿಸಿದ್ದರೆ ಅದು ಬಹುಪಾಲು ಲೆಕ್ಕದ ವಿಷಯ ಎಂದು ತೋರಿಸುವುದಕ್ಕೆ. ಈ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ, ಅಂದರೆ ಹಾರಾಟದ ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಉಷ್ಣಾಂಶ, ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದೆ ಎಂದುಕೊಳ್ಳಿ. ಹೆಚ್ಚುವರಿ 25 ಡಿಗ್ರಿಯಲ್ಲಿ ಒಂದೊಂದಕ್ಕೆ 120 ಅಡಿಯಂತೆ ಕೂಡಿಸಿದರೆ 3,000 ಅಡಿ. ರನ್‌ವೇ ಇರುವುದು ಎರಡೂವರೆ ಸಾವಿರ ಅಡಿಯಲ್ಲಾದರೂ ಎಂಜಿನ್ನಿಗೂ ರೆಕ್ಕೆಗೂ ಸಿಗುವ ಗಾಳಿ ಐದೂವರೆ ಸಾವಿರ ಅಡಿಯಲ್ಲಿ ಸಿಗುವಷ್ಟು ತೆಳುವಾಗಿರುತ್ತದೆ. ವಿಮಾನ ನೆಲ ಬಿಡಲು ಹೆಚ್ಚು ದೂರ ಓಡುತ್ತದೆ, ನಿಧಾನವಾಗಿ ಏರುತ್ತದೆ. ಹನ್ನೆರಡನೇ ತರಗತಿಯ ಭೌತಶಾಸ್ತ್ರ ಮತ್ತು ಗಣಿತ ಚೆನ್ನಾಗಿ ಕಲಿತ ಹುಡುಗಿಗೆ ಇದು ಕಷ್ಟವಲ್ಲ. ಜೂನ್ ಬಂದರೆ ಸಮಸ್ಯೆ ಬೇರೆ. ನಮ್ಮ ಜಿಟಿಜಿಟಿ ಮಳೆ ಮತ್ತು ತಲೆಯ ಮೇಲೇ ಕುಳಿತ ಮೋಡ ದಿನಗಟ್ಟಲೆ ವಿಮಾನವನ್ನು ನೆಲದಲ್ಲೇ ಕೂರಿಸುತ್ತವೆ. ಹಾಸ್ಟೆಲ್ ಖರ್ಚು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಹಾರಾಟದ ಗಂಟೆಗಳನ್ನು ಮುಂದೂಡದೆ ಮುಗಿಸಿಕೊಳ್ಳಿ, ಮಳೆಗಾಲವನ್ನು ಥಿಯರಿ ಪತ್ರಿಕೆಗಳಿಗೆ ಇಟ್ಟುಕೊಳ್ಳಿ ಎಂದು ಬಳಗದ ಹಿರಿಯರು ಹೊಸಬರಿಗೆ ಮೊದಲ ಭೇಟಿಯಲ್ಲೇ ಹೇಳುತ್ತಾರೆ.

ನಮ್ಮ ಬಳಗಕ್ಕೆ ಕಚೇರಿಯಿಲ್ಲ, ಫಲಕವಿಲ್ಲ. ತರಬೇತಿಯಲ್ಲಿರುವ ಹುಡುಗಿಯರು, ಬೋಧಕಿಯರು, ರಜೆಗೆ ಬಂದ ಫಸ್ಟ್ ಆಫೀಸರ್‌ಗಳು (ಸಹ ಪೈಲಟ್‌ಗಳು), ಹಾರಾಟದ ವಿಷಯ ತಿಳಿದ ಒಬ್ಬ ವೈದ್ಯೆ, ಇಷ್ಟು ಜನ ಟಿಳಕವಾಡಿಯ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಸಂಜೆ ಸೇರುತ್ತೇವೆ. ಅಲ್ಲಿರುವ ಆಸ್ತಿ ಎಂದರೆ ಒಂದು ಕಬ್ಬಿಣದ ಕಪಾಟು. ಅದರಲ್ಲಿ ಕೆಲಸಕ್ಕೆ ಸೇರಿದವರು ಬಿಟ್ಟುಹೋದ ಹೆಡ್‌ಸೆಟ್‌ಗಳು, ಪುಟದ ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿಗಳಿರುವ ಹವಾಮಾನಶಾಸ್ತ್ರ ಮತ್ತು ನ್ಯಾವಿಗೇಶನ್ ಪುಸ್ತಕಗಳು, ಗಾಳಿಯ ಲೆಕ್ಕ ಹಾಕುವ ಇ-ಸಿಕ್ಸ್-ಬಿ ಚಕ್ರಗಳು ಇವೆ. ಒಯ್ದವಳು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಒಯ್ಯಬೇಕು, ಲೈಸೆನ್ಸ್ ಬಂದ ಮೇಲೆ ಮರಳಿ ಇಡಬೇಕು.

ಅಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ಸಲಹೆಯಿದೆ: ಶುಲ್ಕ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮುಗಿಸಬೇಕು. ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ ಕ್ಲಾಸ್ ಟೂ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಸಾಕು, ಆದರೆ ವಾಣಿಜ್ಯ ಲೈಸೆನ್ಸಿಗೆ ಕ್ಲಾಸ್ ಒನ್ ಬೇಕು. ಅದರ ಮೊದಲ ಪರೀಕ್ಷೆಗೆ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ಹೋಗಬೇಕಾಗುತ್ತದೆ. ಲಕ್ಷಗಟ್ಟಲೆ ಕಟ್ಟಿ, ಗಂಟೆಗಳನ್ನು ಹಾರಿ, ಆಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಅನುತ್ತೀರ್ಣಳಾದರೆ ಕೇಳುವವರು ಯಾರು? ಕನ್ನಡಕ ಇದ್ದರೆ ಆಗುವುದಿಲ್ಲ ಎಂಬುದು ತಪ್ಪು ಕಲ್ಪನೆ, ಕನ್ನಡಕದೊಂದಿಗೆ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು. ನಮ್ಮ ಹುಡುಗಿಯರಲ್ಲಿ ಹೆಚ್ಚಾಗಿ ಅಡ್ಡ ಬರುವುದು ರಕ್ತಹೀನತೆ. ಹಿಮೋಗ್ಲೋಬಿನ್ ಕಡಿಮೆ ಎಂದು ತಾತ್ಕಾಲಿಕವಾಗಿ ಅನರ್ಹಳೆನಿಸಿಕೊಂಡು ತಿಂಗಳುಗಟ್ಟಲೆ ಕಾಯುವ ಬದಲು, ಮೂರು ತಿಂಗಳ ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಔಷಧ ಶುರುಮಾಡಿ ಎಂದು ನಮ್ಮ ವೈದ್ಯೆ ಹೇಳುತ್ತಾರೆ. ಇಷ್ಟು ಸಣ್ಣ ಮಾತು ಯಾವ ಜಾಹೀರಾತು ಪತ್ರದಲ್ಲೂ ಇರುವುದಿಲ್ಲ.

ಹಣದ ಮಾತು. ತರಬೇತಿಗೆ ಒಟ್ಟು ಅರ್ಧ ಕೋಟಿಯ ಸುತ್ತಮುತ್ತ ಖರ್ಚಾಗುತ್ತದೆ, ಅದರ ಮೇಲೆ ಏರ್‌ಲೈನ್ ಹಾರಿಸುವ ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಖರ್ಚು ಬೇರೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಸವದತ್ತಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. “ಮೇಡಂ, ಹೊಲ ಒತ್ತಿ ಇಡಂದ್ರ ಇಡ್ತೀನ್ರಿ. ಆದ್ರ ನೌಕರಿ ಸಿಗೂದು ಖಾತ್ರಿ ಏನ್ರಿ?” ಎಂದು ಕೇಳಿದರು. ಖಾತ್ರಿಯಿಲ್ಲ ಎಂದು ಹೇಳಿದೆವು. ಅವರ ಮುಂದೆ ಕುಳಿತು ಒಂದು ಹಾಳೆಯಲ್ಲಿ ಕಂತು ಶುರುವಾಗುವ ತಿಂಗಳು, ನೌಕರಿ ಒಂದು ವರ್ಷ ತಡವಾದರೆ ಸೇರುವ ಬಡ್ಡಿ, ಎರಡು ವರ್ಷ ತಡವಾದರೆ ಸೇರುವ ಬಡ್ಡಿ ಎಂದು ಮೂರು ಸಾಲು ಬರೆದು ಕೊಟ್ಟೆವು. ಪೂರ್ತಿ ಹಣವನ್ನು ಒಮ್ಮೆಗೇ ಯಾವ ಸಂಸ್ಥೆಗೂ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟುವ ಒಪ್ಪಂದ ಕೇಳಿ ಎಂದೂ ಹೇಳಿದೆವು. ಅವರು ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದರು. ಆರು ತಿಂಗಳಾದ ಮೇಲೆ, ಲೆಕ್ಕ ಹೊಂದಿಸಿಕೊಂಡು, ಮಗಳನ್ನು ಸೇರಿಸಿದರು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ದೊಡ್ಡ ಅಂಜಿಕೆ ಇಂಗ್ಲಿಷಿನದು. ನಿಮ್ಮಲ್ಲಿ ಹಲವರ ಮುಖದಲ್ಲಿ ಅದು ಈಗಲೇ ಕಾಣುತ್ತಿದೆ. ರೇಡಿಯೊದಲ್ಲಿ ಮಾತನಾಡುವ ಇಂಗ್ಲಿಷ್ ಕಾಲೇಜಿನ ಚರ್ಚಾಸ್ಪರ್ಧೆಯ ಇಂಗ್ಲಿಷ್ ಅಲ್ಲ. ಅದು ಅಚ್ಚುಕಟ್ಟಾದ, ಸೀಮಿತ ವಾಕ್ಯಗಳ ಭಾಷೆ. ಯಾರು ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿದ್ದಾರೆ, ಏನು ಬೇಕು ಎಂಬ ಕ್ರಮ ತಪ್ಪಬಾರದು. ತ್ರೀ ಅನ್ನು ‘ಟ್ರೀ’ ಎಂದೂ ಫೈವ್ ಅನ್ನು ‘ಫೈಫ್’ ಎಂದೂ ನೈನ್ ಅನ್ನು ‘ನೈನರ್’ ಎಂದೂ ಉಚ್ಚರಿಸುವ ನಿಯಮ ಎಲ್ಲ ದೇಶದವರಿಗೂ ಒಂದೇ, ಲಂಡನ್ನಿನವನೂ ಅದನ್ನು ಹೊಸದಾಗಿಯೇ ಕಲಿಯಬೇಕು. ನಿಲ್ದಾಣದ ನಿಯಂತ್ರಣ ಗೋಪುರ, ಅಂದರೆ ಟವರ್, ಹೇಳಿದ ರನ್‌ವೇ, ಎತ್ತರ, ಅನುಮತಿಗಳನ್ನು ಮರಳಿ ಓದಿ ಹೇಳಲೇಬೇಕು. ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಒಬ್ಬಳು ಟವರ್ ಆಗುತ್ತಾಳೆ, ಇನ್ನೊಬ್ಬಳು ವಿಮಾನವಾಗುತ್ತಾಳೆ. ಟವರ್ ಆದವಳು ಬೇಕೆಂದೇ ಬೇಗ ಬೇಗ ಮಾತನಾಡುತ್ತಾಳೆ, ಬೇಕೆಂದೇ ತಪ್ಪು ರನ್‌ವೇ ಹೇಳುತ್ತಾಳೆ. ಮೊದಲ ವಾರ ಅಳುವ ಹುಡುಗಿ ಒಂದು ತಿಂಗಳಲ್ಲಿ “ಸೇ ಅಗೇನ್” (ಮತ್ತೊಮ್ಮೆ ಹೇಳಿ) ಎಂದು ಯಾವ ಮುಜುಗರವೂ ಇಲ್ಲದೆ ಕೇಳುತ್ತಾಳೆ. ಕೇಳಿಸದೆ ಹೋದುದನ್ನು ಕೇಳಿಸಿತೆಂದು ನಟಿಸದಿರುವುದು ಈ ವೃತ್ತಿಯ ಮೊದಲ ಶಿಸ್ತು. ಹೆಣ್ಣುಮಕ್ಕಳಿಗೆ ‘ತಿರುಗಿ ಕೇಳಬೇಡ’ ಎಂದು ಕಲಿಸಿದ ನಮ್ಮ ಮನೆಗಳಿಗೆ ಇದು ಸ್ವಲ್ಪ ಹೊಸದು.

ವಾಣಿಜ್ಯ ಲೈಸೆನ್ಸಿಗೆ ಕನಿಷ್ಠ 18 ವರ್ಷ ವಯಸ್ಸು, 200 ಗಂಟೆಗಳ ಹಾರಾಟ, ಅದರಲ್ಲಿ 100 ಗಂಟೆ ತಾನೇ ಹೊಣೆಗಾರಳಾಗಿ ಹಾರಿಸಿದ್ದು ಬೇಕು. ಅದರೊಳಗೆ ಒಂದು ಪ್ರಯಾಣ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದಂತೆ, ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ನಿಂತು ಬರುವಂಥದ್ದಾಗಿರಬೇಕು. ನಮ್ಮ ಭಾಗದ ನಕ್ಷೆಯ ಮೇಲೆ ಗೀಟು ಎಳೆದು ನೋಡಿ: ಬೆಳಗಾವಿಯಿಂದ ಕಲಬುರಗಿ ಸುಮಾರು 160, ಅಲ್ಲಿಂದ ಹುಬ್ಬಳ್ಳಿ ಮತ್ತೆ ಅಷ್ಟೇ, ಹುಬ್ಬಳ್ಳಿಯಿಂದ ಮನೆಗೆ 40. ಮೊದಲ ಗೀಟು ಮುಧೋಳದ ಹತ್ತಿರ ಹಾಯ್ದು, ಕೊಲ್ಹಾರದ ಸೇತುವೆಯ ಆಸುಪಾಸಿನಲ್ಲಿ ಕೃಷ್ಣೆಯ ಹಿನ್ನೀರನ್ನು ದಾಟುತ್ತದೆ. ವಿಜಯಪುರ ಎಡಕ್ಕೆ, ಬಾಗಲಕೋಟೆ ಬಲಕ್ಕೆ ಉಳಿಯುತ್ತದೆ. 100 ನಾಟ್, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿ, ವೇಗದ ವಿಮಾನಕ್ಕೆ ಗಾಳಿಯಿಲ್ಲದಿದ್ದರೆ ಇದು 1 ಗಂಟೆ 36 ನಿಮಿಷದ ದಾರಿ. 20 ನಾಟ್ ಎದುರುಗಾಳಿ ಇದ್ದರೆ ಎರಡು ಗಂಟೆ. ಆ 24 ನಿಮಿಷದ ಇಂಧನ ಎಲ್ಲಿಂದ ಬರುತ್ತದೆ ಎಂಬುದನ್ನು ಹಿಂದಿನ ರಾತ್ರಿಯೇ ಹಾಳೆಯ ಮೇಲೆ ತೋರಿಸಬೇಕು. ಹೊಣೆ ಬೋಧಕರದ್ದೇ, ಸಹಿ ಅವರದ್ದೇ. ಆದರೂ ಬಳಗದ ಹಿರಿಯಳೊಬ್ಬಳು ಆ ಹಾಳೆಯನ್ನು ಒಮ್ಮೆ ನೋಡಿ, “ತಂಗಿ, ಹಿನ್ನೀರಿನ ಮ್ಯಾಲ ಮಬ್ಬು ಇದ್ದು ಸೇತುವೆ ಕಾಣಲಿಲ್ಲ ಅಂದ್ರ ಮುಂದ ಏನ್ ಹುಡುಕ್ತಿ?” ಎಂದು ಕೇಳಿದರೆ, ಹುಡುಗಿ ಇನ್ನೊಂದು ಗುರುತನ್ನು ಹುಡುಕಿ ಬರೆದುಕೊಳ್ಳುತ್ತಾಳೆ.

ಇನ್ನೂರು ಗಂಟೆ ಮುಗಿದು ಲೈಸೆನ್ಸ್ ಬಂದಾಗ ಪೇಢೆ ಹಂಚುತ್ತೇವೆ. ನಿಜವಾದ ಕಷ್ಟ ಅಲ್ಲಿಂದ ಶುರು. ಏರ್‌ಲೈನ್‌ಗಳು ತಮಗೆ ಬೇಕಾದಾಗ ಮಾತ್ರ ಕರೆಯುತ್ತವೆ. ಹೊರಗೆ ಏನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗನ್ನು ವರ್ಷಕ್ಕೊಮ್ಮೆ ಪರೀಕ್ಷೆ ಕೊಟ್ಟು ನವೀಕರಿಸಬೇಕು, ವೈದ್ಯಕೀಯ ಪ್ರಮಾಣಪತ್ರಕ್ಕೂ ಅವಧಿಯಿದೆ. ಹಾರದಿದ್ದರೆ ಕೈ ಜಡ್ಡುಗಟ್ಟುತ್ತದೆ, ಹಾರಿದರೆ ಗಂಟೆ ಗಂಟೆಗೆ ದುಡ್ಡು. ಈ ಅವಧಿಯಲ್ಲೇ ಗಂಡು ನೋಡುವ ಮಾತು ಬರುತ್ತದೆ. ಈ ಘಟ್ಟದಲ್ಲಿ ಬಳಗ ಮೂರು-ನಾಲ್ಕು ಬಗೆಯ ಸಹಾಯ ಮಾಡುತ್ತದೆ, ಅದರಲ್ಲಿ ಬೋಧಕಿಯಾಗುವ ದಾರಿ ತೋರಿಸುವುದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಸಹಾಯಕ ಬೋಧಕಿಯ ರೇಟಿಂಗ್ ಪಡೆದವಳು ಸಂಬಳ ತೆಗೆದುಕೊಂಡು ಹಾರುತ್ತಾಳೆ, ಗಂಟೆಗಳೂ ಸೇರುತ್ತವೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೆ 1,500 ಗಂಟೆ ಬೇಕಲ್ಲವೇ, ಅದರ ಒಂದು ಪಾಲು ಇಲ್ಲೇ ಕೂಡುತ್ತದೆ.

ಸಂದರ್ಶನಕ್ಕೆ ಹೋಗುವ ಮೊದಲು ಹಾರಾಟದ ಲೆಕ್ಕ ಬರೆದಿಡುವ ಲಾಗ್‌ಬುಕ್ಕನ್ನು ಇಬ್ಬರು ಕುಳಿತು ಸಾಲುಸಾಲಾಗಿ ನೋಡುತ್ತೇವೆ. ಒಂದೊಂದು ಪುಟದ ಕೆಳಗಿನ ಮೊತ್ತ ಮುಂದಿನ ಪುಟದ ಮೇಲೆ ಸರಿಯಾಗಿ ಬಂದಿದೆಯೇ, ರಾತ್ರಿ ಹಾರಾಟದ ಐದು ಗಂಟೆ ಬೇರೆ ಅಂಕಣದಲ್ಲಿ ಇದೆಯೇ, ತಿದ್ದಿದಲ್ಲಿ ಒಂದೇ ಗೀಟು ಎಳೆದು ಸಹಿ ಹಾಕಿದೆಯೇ ಎಂದು. ಬಿಳಿ ಬಣ್ಣ ಬಳಿದು ತಿದ್ದಿದ ಒಂದು ಅಂಕಿ ಸಾಕು, ಮೇಜಿನ ಆಚೆ ಕುಳಿತವರು ಇಡೀ ಪುಸ್ತಕವನ್ನೇ ಅನುಮಾನಿಸುತ್ತಾರೆ.

ನಮ್ಮ ಸದಸ್ಯೆಯೊಬ್ಬಳಿಗೆ ಸಂದರ್ಶನದಲ್ಲಿ “ಮದುವೆ ಯಾವಾಗ?” ಎಂದು ಕೇಳಿದರು. ಯಾವ ಕಂಪನಿ ಎಂಬುದು ಇಲ್ಲಿ ಬೇಡ. ಅವಳ ಜೊತೆ ಹೋಗಿದ್ದ ಹುಡುಗರಿಗೆ ಆ ಪ್ರಶ್ನೆ ಬರಲಿಲ್ಲ. ಜಗಳವಾಡಿ ಎದ್ದು ಬಾ ಎಂದು ಹೇಳುವುದು ಸುಲಭ, ಸಾಲ ಹೊತ್ತವಳಿಗೆ ಅದು ಆಗುವ ಮಾತಲ್ಲ. ಸಮಾಧಾನವಾಗಿ, “ಕಂಪನಿಯ ರೋಸ್ಟರ್‌ಗೆ ಬದ್ಧಳಾಗಿರುತ್ತೇನೆ, ರಜೆಯನ್ನು ಕಾನೂನಿನ ಪ್ರಕಾರ ಪಡೆಯುತ್ತೇನೆ” ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಪ್ರಶ್ನೆಗೆ ಕಾಯುವುದನ್ನು ಅಭ್ಯಾಸ ಮಾಡಿಸಿದ್ದೇವೆ. ಇದು ಪೂರ್ಣ ನ್ಯಾಯವಲ್ಲ ಎಂದು ನನಗೂ ಗೊತ್ತಿದೆ.

ಮಗುವಿನ ವಿಷಯವನ್ನು ಸಭೆಯಲ್ಲಿ ಮಾತನಾಡಲು ಜನ ಹಿಂಜರಿಯುತ್ತಾರೆ, ಆದರೆ ಅತಿ ಹೆಚ್ಚು ಮಂದಿ ಕಳೆದುಹೋಗುವುದು ಅಲ್ಲಿಯೇ ಎಂಬುದು ನನ್ನ ಅನಿಸಿಕೆ. ತೊಂದರೆಯಿಲ್ಲದ ಗರ್ಭಾವಸ್ಥೆಯಲ್ಲಿ 12ನೇ ವಾರ ಮುಗಿದ ಮೇಲೆ 26ನೇ ವಾರ ಮುಗಿಯುವವರೆಗೆ ಮಾತ್ರ ಹಾರಾಟಕ್ಕೆ ಅರ್ಹಳೆಂದು ಪರಿಗಣಿಸಬಹುದು ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಎರಡನ್ನೂ ಕೂಡಿಸಿದರೆ ಪೈಲಟ್ ಒಬ್ಬಳು ಬಹುಕಾಲ ಕಾಕ್‌ಪಿಟ್‌ನಿಂದ ದೂರವಿರುತ್ತಾಳೆ. ಕಚೇರಿ ನೌಕರಿಯಂತೆ ಸೋಮವಾರ ಹೋಗಿ ಕುರ್ಚಿಯಲ್ಲಿ ಕೂರುವಂತಿಲ್ಲ; 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇಲ್ಲದವಳು ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವ ಹಾಗಿಲ್ಲ. ಮತ್ತೆ ವೈದ್ಯಕೀಯ ಪರೀಕ್ಷೆ, ಮತ್ತೆ ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್ ಯಂತ್ರ. ಆ ಸಿಮ್ಯುಲೇಟರ್ ಇರುವುದು ದೂರದ ಮಹಾನಗರದಲ್ಲಿ, ಮಗುವಿಗೆ ಎದೆಹಾಲು ಬೇಕು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು ಕಾನೂನಿದೆ, ಆದರೆ ಬೆಳಗಿನ ಜಾವ ಮೂರೂವರೆಗೆ ಡ್ಯೂಟಿಗೆ ಹೊರಡುವ ತಾಯಿಗೆ ಬಾಗಿಲು ತೆರೆದಿರುವ ಕೇಂದ್ರ ಎಲ್ಲಿದೆ? ಇಂಥಲ್ಲಿ ನಾವು ಮಾಡಿದ್ದು ತೀರ ಸರಳ. ಮರಳಿ ಕೆಲಸಕ್ಕೆ ಹೋದ ಇಬ್ಬರು ತಾಯಂದಿರ ಫೋನ್ ನಂಬರನ್ನು ಹೊಸ ತಾಯಿಗೆ ಕೊಟ್ಟೆವು. ಕಂಪನಿಗೆ ಯಾವ ತಿಂಗಳು ಪತ್ರ ಬರೆಯಬೇಕು, ಸಿಮ್ಯುಲೇಟರಿಗೆ ಮುಂಚೆ ಯಾವ ಪ್ರೊಸೀಜರ್‌ಗಳನ್ನು ಮನೆಯಲ್ಲೇ ಕಣ್ಣು ಮುಚ್ಚಿ ಅಭ್ಯಾಸ ಮಾಡಬೇಕು, ಅತ್ತೆಯವರನ್ನು ಜೊತೆಗೆ ಕರೆದೊಯ್ಯಬೇಕೆ ಬೇಡವೆ, ಇದೆಲ್ಲ ಅವರವರೇ ಮಾತನಾಡಿಕೊಂಡರು.

ಸಹಾಯಧನದ ಬಗ್ಗೆ ಕೇಳುವವರಿಗೆ: ಬೋಯಿಂಗ್ ಸುಕನ್ಯಾ ಕಾರ್ಯಕ್ರಮಕ್ಕೆ 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಚಾಲನೆ ನೀಡಿದರು, ಪೈಲಟ್ ತರಬೇತಿ ಪಡೆಯುವ ಮಹಿಳೆಯರಿಗೆ ವಿದ್ಯಾರ್ಥಿವೇತನವೂ ಅದರಲ್ಲಿದೆ. ನೈಂಟಿ ನೈನ್ಸ್ ಸಂಘವೂ ತನ್ನ ಸದಸ್ಯರಿಗೆ ಅಮೀಲಿಯಾ ಇಯರ್‌ಹಾರ್ಟ್ ಹೆಸರಿನ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಯಲ್ಲಿ ‘ಬಾಲ್ಯದ ಕನಸು’ ಎಂದು ಎರಡು ಪುಟ ಬರೆಯುವ ಬದಲು ಹಾರಿದ ಗಂಟೆ, ಬರೆಯಲು ಉಳಿದ ಪರೀಕ್ಷಾ ಪತ್ರಿಕೆ, ಬೇಕಾದ ಹಣ, ಅದು ಯಾವುದಕ್ಕೆ ಎಂದು ಒಂದು ಪುಟ ಬರೆಯಿರಿ. ಬರೆದದ್ದನ್ನು ತಂದರೆ ನಾವು ಓದಿ ತಿದ್ದಿಕೊಡುತ್ತೇವೆ.

ಕೊನೆಯದಾಗಿ, ಪಾಲಕರು ಕೇಳಲೆಂದೇ ಹೇಳುತ್ತೇನೆ, ನಮ್ಮ ಬಳಗ ಕೆಲವರಿಗೆ ಬೇಡ ಎಂದೂ ಹೇಳಿದೆ. ಇದ್ದ ಒಂದೇ ಮನೆ ಅಡವಿಡಬೇಕಾಗಿ ಬಂದಾಗ, ತಂಗಿಯರ ಓದು ನಿಲ್ಲುವುದಾದರೆ, ಈಗಲೇ ಬೇಡ ಎಂದಿದ್ದೇವೆ. ಒಬ್ಬಳು ಸಿಟ್ಟಾಗಿ ಎದ್ದುಹೋದಳು. ಆಮೇಲೆ ಅವಳೇ ಬಂದು ವಿಮಾನ ಸಂಚಾರ ನಿಯಂತ್ರಣದ ಪರೀಕ್ಷೆಯ ಬಗ್ಗೆ ವಿಚಾರಿಸಿದಳು. ವಿಮಾನ ನಿಲ್ದಾಣ ಪ್ರಾಧಿಕಾರದ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ಭೌತಶಾಸ್ತ್ರ ಮತ್ತು ಗಣಿತ ಇರುವ ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಪದವಿ ಸಾಕು, ಸಾಮಾನ್ಯ ವರ್ಗದವರಿಗೆ ವಯೋಮಿತಿ 27, ತರಬೇತಿಯ ಅವಧಿಯಲ್ಲೇ ಸ್ಟೈಪೆಂಡ್ ಬರುತ್ತದೆ. ಟವರಿನಲ್ಲಿ ಕುಳಿತು ಸಂಪಾದಿಸುತ್ತ, ಕೂಡಿಟ್ಟ ಹಣದಲ್ಲಿ ಬಿಡುವಿನ ವೇಳೆ ಹಾರಾಟ ಕಲಿಯಲು ಅಡ್ಡಿಯಿಲ್ಲ. ಇಲ್ಲಿ ಕುಳಿತವರಲ್ಲಿ ಅಂತಿಮ ವರ್ಷದ ಬಿ.ಎಸ್ಸಿ. ಓದುತ್ತಿರುವವರು ಇದ್ದರೆ, ಮುಂದಿನ ಅಧಿಸೂಚನೆಗೆ ಕಾಯದೆ ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ಭೌತಶಾಸ್ತ್ರ, ಗಣಿತದ ಪುಸ್ತಕಗಳನ್ನು ಮತ್ತೆ ತೆರೆಯಿರಿ. ಕಪಾಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೂ ಇವೆ, ಭಾನುವಾರ ಐದು ಗಂಟೆಯ ಮೇಲೆ ಬಂದರೆ ಸಿಗುತ್ತವೆ.